ಸಾಲಿನ ಕೊನೆಯ ಕಾಣದ ಗುರುತು

ಅಸುನ್ಸಿಯೋನ್‌ನ ಬಸ್ ಕಚೇರಿಯಲ್ಲಿ ವೇಳಾಪಟ್ಟಿ ಹೊರಡಿಸುವ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಎರ್ಮಿನಿಯಾ ಬರೆದದ್ದು. ಬೆಳಿಗ್ಗೆಯಿಂದ ಅದು ಸರ್ವರ್‌ನಲ್ಲಿ ಮೊದಲ ಸಾಲಿಗೇ ನಿಂತುಬಿಡುತ್ತಿತ್ತು. ಒಂದೊಂದು ಅಕ್ಷರವನ್ನೂ ನೋಡಿದಳು, ಎಲ್ಲ ಸರಿಯಿತ್ತು. ಹಾಗಾದರೆ ಯಾರೋ ಕೈಯಾಡಿಸಿದ್ದಾರೆ. ಅವಳ ಜಾಗದ ಮೇಲೆ ಕಣ್ಣಿಟ್ಟವನು ಪಕ್ಕದ ಮೇಜಿನ ವಿಲ್ಫ್ರಿಡೊ ಒಬ್ಬನೇ.

ಅವನು ತೆರೆರೆ ಎಂಬ ತಣ್ಣನೆಯ ಸೊಪ್ಪಿನ ಪಾನೀಯ ತುಂಬಿದ ಕೊಂಬಿನ ಲೋಟ ಚಾಚಿದ. "ತಗೋ ಮಾರಾಯ್ತಿ, ತಲೆ ತಣ್ಣಗಾಗ್ಲಿ."

"ನಂಗೆ ಸಾಕು."

"ಕುಡಿಯೋಕೆ ಮುಂಚೆನೇ ಸಾಕಾ? ವಿಷ ಹಾಕಿದೀನಿ ಅನ್ಕೊಂಡ್ಯಾ?"

"ನನ್ನ ಫೈಲಿಗೆ ಹಾಕಿದ್ದು ಸಾಲ್ದಾ? ಸಾಹೇಬ್ರಿಗೆ ಹೇಳಾಯ್ತು. ಇವತ್ತೇ ನಿನ್ನನ್ನ ಕೆಲಸದಿಂದ ತೆಗೆದು ಮನೆಗೆ ಕಳಿಸ್ತಾರೆ."

ವಿಲ್ಫ್ರಿಡೊನ ನಗು ನಿಂತಿತು. ಅವಳ ಕೀಲಿಮಣೆ ಎಳೆದುಕೊಂಡು ಏನೋ ಒತ್ತಿದ. ಅಷ್ಟರವರೆಗೆ ಕಾಣದಿದ್ದ ^M ಎಂಬ ಗುರುತು ಪ್ರತಿ ಸಾಲಿನ ಕೊನೆಯಲ್ಲೂ ಎದ್ದು ಬಂತು.

"ವಿಂಡೋಸ್‌ನಲ್ಲಿ ಸೇವ್ ಮಾಡಿದ್ರೆ ಇದು ಸೇರ್ಕೊಳ್ಳುತ್ತೆ. ನಮ್ಮ ಸರ್ವರ್ ಲಿನಕ್ಸು, ಅದಕ್ಕೆ ಇದು ಆಗಲ್ಲ. ಇಲ್ಲಿ ಎಲ್ಲರದ್ದೂ ಲಿನಕ್ಸೇ. ವಿಂಡೋಸ್ ಯಾರ ಹತ್ರ ಇದೆ, ಹೇಳು?"

ಭಾನುವಾರ ಮನೆಯಲ್ಲಿ, ತಂಗಿಯ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಕೂತು ತಾನೇ ಸ್ಕ್ರಿಪ್ಟಿಗೆ ಹೊಸ ಬಸ್ ಮಾರ್ಗ ಸೇರಿಸಿದ್ದು ಎರ್ಮಿನಿಯಾಳಿಗೆ ನೆನಪಾಯಿತು. ಮುಖ ಬಿಸಿಯಾಯಿತು. ಎದ್ದು ಸಾಹೇಬರ ಕೋಣೆಗೆ ನಡೆದಳು. ಮುಚ್ಚಿದ ಬಾಗಿಲಿನ ಹಿಂದೆ ಸಾಹೇಬರು ಫೋನಿನಲ್ಲಿ ವಿಲ್ಫ್ರಿಡೊನ ಹೆಸರು ಹೇಳುತ್ತಿದ್ದರು. ಅವರ ಮಾತು ಮುಗಿಯುವವರೆಗೆ ಕಾಯದೆ ಬಾಗಿಲು ತಳ್ಳಿದಳು. "ಸಾಹೇಬ್ರೆ, ತಪ್ಪು ನಂದು."