ಹಗೇವಿಗೆ ಇಳಿದ ಟ್ರಂಕು

ಇರಕಲ್ಲಗಡದಲ್ಲಿ ಯಾರಾದರೂ ದೂರ ಹೊರಟರೆ ಓಣಿಯವರೆಲ್ಲ ಬಂದು ಗಂಟು ನೋಡುತ್ತಾರೆ. ಏನು ಕಟ್ಟಿಕೊಂಡಿರಿ, ಎಷ್ಟು ಕಟ್ಟಿಕೊಂಡಿರಿ ಎಂದು ಕೇಳುತ್ತಾರೆ. ಹೊರಟವರು ದಾರಿಗೆ ಬೇಕಾದ್ದನ್ನು ಮರೆತು, ನೋಡುವವರ ಕಣ್ಣಿಗೆ ಬೇಕಾದ್ದನ್ನು ಕಟ್ಟುತ್ತಾರೆ. ಪಿಂಜಾರ ಓಣಿಯ ಸೈದಾನಬಿಯೂ ಹಾಗೇ ಮಾಡಿದಳು.

ಅವಳ ಗಂಡ ಮೌಲಾಹುಸೇನ, ಅವನ ತಮ್ಮ ಶಫೀಸಾಬ ಹತ್ತಿ ಹಿಂಜಿ, ಗಾದಿ ಹೊಲಿದು ಬದುಕಿದವರು. ಬಹಳ ವರ್ಷ ಕೂಡಿಟ್ಟು, ಈ ಸಲ ಹೆಂಡಂದಿರನ್ನು ಕರೆದುಕೊಂಡು ಹಜ್ಜಿಗೆ ಹೊರಟಿದ್ದರು. ಕೊಪ್ಪಳದಲ್ಲಿ ರೈಲು ಹತ್ತಿ ಮುಂಬಯಿಗೆ, ಅಲ್ಲಿಂದ ಜಹಾಜಿನಲ್ಲಿ ಜಿದ್ದಾ ಬಂದರಿಗೆ. ಹತ್ತಿಯ ಎಳೆ ಒಳಗೆಳೆದು ಒಳಗೆಳೆದು ಮೌಲಾಹುಸೇನನಿಗೆ ದಮ್ಮು ಅಂಟಿಕೊಂಡಿತ್ತು. ಕೊಪ್ಪಳದ ಹಕೀಮರು ಕೊಟ್ಟ ಪುಡಿಯನ್ನು ಜೇನಿನಲ್ಲಿ ಕಲಸಿ ನೆಕ್ಕಿದರೆ ಉಸಿರು ಸಡಿಲವಾಗುತ್ತಿತ್ತು.

ಶಫೀಸಾಬನ ಹೆಂಡತಿ ನಸೀಮಾಬಿಗೆ ಹೈದರಾಬಾದಿನಲ್ಲಿದ್ದ ಅಣ್ಣ ಒಂದು ಚರ್ಮದ ಕೈಚೀಲ ಕಳಿಸಿದ್ದ. ಹಿತ್ತಾಳೆಯ ಕೊಂಡಿ, ಒಳಗೆ ಬಿಳಿ ರೇಷ್ಮೆಯ ಅಸ್ತರ. ತೆರೆದರೂ ಮುಚ್ಚಿದರೂ ಟಕ್ ಎಂದು ಸಣ್ಣ ಸಪ್ಪಳ. ಅಡಿಗೆಮನೆಯಲ್ಲಿದ್ದರೂ ಆ ಸಪ್ಪಳ ಸೈದಾನಬಿಗೆ ಕೇಳುತ್ತಿತ್ತು. ರೊಟ್ಟಿ ಬಡಿಯುವ ಕೈ ನಿಲ್ಲುತ್ತಿತ್ತು.

ಅವಳು ಹಿರಿಯ ಸೊಸೆ. ಮನೆಗೆ ಹೊಸದು ಏನು ಬಂದರೂ ಮೊದಲು ಅವಳ ಕೈಗೆ ಬಂದು ಆಮೇಲೆ ನಸೀಮಾಳ ಕೈಗೆ ಹೋಗುತ್ತಿತ್ತು. ಈ ಚೀಲ ಮಾತ್ರ ನೆಟ್ಟಗೆ ನಸೀಮಾಳ ಹೆಸರಿಗೇ ಬಂತು. ಬಂದ ದಿನ ಅವಳು, "ನೋಡಕ್ಕಾ," ಎಂದು ಓಡಿ ತಂದು ತೋರಿಸಿದ್ದಳು. ಸೈದಾನಬಿ, "ಛಲೋ ಐತಿ," ಎಂದು ಹಿಟ್ಟಿನ ಕೈ ತೊಳೆಯಲು ಎದ್ದುಹೋಗಿದ್ದಳು. ಮುಟ್ಟಿರಲಿಲ್ಲ. ಅಲ್ಲಿಂದ ಆಚೆ ಅವಳು ತೋರಿಸಲಿಲ್ಲ, ಇವಳು ಕೇಳಲಿಲ್ಲ. ಈಚೆಗೆ ಸೈದಾನಬಿ ಕೋಣೆಗೆ ಕಾಲಿಟ್ಟರೆ ಸಾಕು, ನಸೀಮಾ ಚೀಲ ಮುಚ್ಚಿಬಿಡುತ್ತಿದ್ದಳು.

ಒಳಗೆ ಏನೋ ಇತ್ತು. ಕೊಪ್ಪಳದ ಸಂತೆಯ ದಿನ ನಸೀಮಾ ಹಕೀಮರ ಮನೆಯಿಂದ ಸೆರಗಿನಡಿ ಏನೋ ಮುಚ್ಚಿಕೊಂಡು ಇಳಿದದ್ದನ್ನು ಸೈದಾನಬಿ ಕಣ್ಣಾರೆ ನೋಡಿದ್ದಳು. ಕೇಳಿದರೆ ತಾನು ಸಣ್ಣವಳಾಗುತ್ತೇನೆ ಎಂದು ಬಾಯಿ ಬಿಗಿಹಿಡಿದಳು. ಇಬ್ಬರ ನಡುವೆ ಆ ಮಾತು ಬಿದ್ದುಕೊಂಡೇ ಇತ್ತು.

ಒಂದು ಬೆಳಿಗ್ಗೆ ಬಾವಿಯ ಹತ್ತಿರ ಪಕ್ಕದ ಮನೆಯ ಗುರುಲಿಂಗಮ್ಮ ಕೊಡ ಇಳಿಸುತ್ತ ಕೇಳಿದಳು.

"ನಿನ್ನ ನೆಗೆಣ್ಣಿ ಕೈಚೀಲ ನೋಡಿದ್ನೆವಾ. ತಹಶೀಲದಾರರ ಹೇಣ್ತಿ ಕೈಯಾಗೂ ಅಂಥಾದ್ದಿಲ್ಲ. ನಿಂದೇನು?"

"ನಂದು ಗಂಟು."

"ಹೊಲಕ್ಕ ಬುತ್ತಿ ಒಯ್ಯೋ ಗಂಟಿನಂಥಾದ್ದೇನ?"

ಗುರುಲಿಂಗಮ್ಮ ನಗೆಗೆ ಅಂದದ್ದು. ಸೈದಾನಬಿ ತುಂಬಿದ ಕೊಡ ಹೊತ್ತು ಮನೆಗೆ ಬಂದವಳೇ ಕಟ್ಟಿದ್ದ ಗಂಟು ಬಿಚ್ಚಿದಳು. ತವರಿನವರು ಕೊಟ್ಟ ಜರತಾರಿ ಬಟ್ಟೆ ಹಾಸಿದಳು. ಅದರಲ್ಲಿ ಬೆಳ್ಳಿಯ ಪಾನದಾನ ಇಟ್ಟಳು, ಅತ್ತರಿನ ಡಬ್ಬಿ ಇಟ್ಟಳು, ಕಸೂತಿಯ ಶಾಲು, ಕನ್ನಡಿ ಇಟ್ಟಳು. ಜಾಗ ಸಾಲಲಿಲ್ಲ. ಮೊದಲಿಂದ ಅದರಲ್ಲಿದ್ದ ಹಕೀಮರ ಪುಡಿ, ಜೇನಿನ ಬಾಟಲಿ, ತಾಮ್ರದ ಲೋಟ, ಹಜ್ಜಿನ ಪಾಸು, ಸಿಡುಬು ಬಾರದಂತೆ ದೇವಿ ಹಾಕಿಸಿದ ಚೀಟಿ, ಗಂಡ ಉಡಬೇಕಾದ ಇಹ್ರಾಮಿನ ಬಿಳಿ ಬಟ್ಟೆ, ಎಲ್ಲವನ್ನೂ ತೆಗೆದು ಟ್ರಂಕಿನ ತಳಕ್ಕೆ ಸೇರಿಸಿದಳು. ಟ್ರಂಕು ದೊಡ್ಡದು. ನಸೀಮಾಳ ಟ್ರಂಕಿಗಿಂತ ದೊಡ್ಡದೇ ಬೇಕೆಂದು ಹಟ ಹಿಡಿದು ಗಂಗಾವತಿಯಿಂದ ತರಿಸಿದ್ದಳು. ಬೀಗ ಹಾಕಿ, ಮೇಲೆ ಗೋಣಿತಟ್ಟು ಸುತ್ತಿ, ದಬ್ಬಣದಿಂದ ಹೊಲಿದಳು.

ಮಧ್ಯಾಹ್ನ ಮೆಹಬೂಬಬೀ ಬಂದಳು. ಹಿಂದೊಮ್ಮೆ ಹಜ್ಜಿಗೆ ಹೋಗಿ ಬಂದ ಮುದುಕಿ. ಓಣಿಗೆಲ್ಲ ದೊಡ್ಡವ್ವ. ಜರತಾರಿ ಗಂಟನ್ನು ನೋಡಿದಳು, ತೂಗಿ ನೋಡಿದಳು.

"ಇದರಾಗ ಏನೇನ ಐತಿ ಸೈದಾನಬೀ?"

"ಬೇಕಾದ್ದೆಲ್ಲಾ ಐತ್ರಿ ದೊಡ್ಡವ್ವ."

"ಮೌಲಾಹುಸೇನನ ಪುಡಿ?"

"ಟ್ರಂಕಿನಾಗ ಐತ್ರಿ. ಎಲ್ಲಿ ಹೋಗ್ತೈತಿ."

"ಟ್ರಂಕು ಎಲ್ಲೂ ಹೋಗಂಗಿಲ್ಲ. ನೀನೂ ಅದರ ಹತ್ರ ಹೋಗಂಗಿಲ್ಲ." ಮುದುಕಿ ಕಂಬಕ್ಕೆ ಒರಗಿದಳು. "ಜಹಾಜ ಹತ್ತೂ ಮೊದಲ ಕೂಲಿಗಳು ಟ್ರಂಕು ಒಯ್ದು ತಳಕ್ಕ ಇಳಸ್ತಾರ. ನಮ್ಮ ಜೋಳದ ಹಗೇವು ಇದ್ದಂಗ ನೋಡು. ಬಾಯಿ ಮುಚ್ಚಿದ್ರ ಮುಗೀತು. ಜಿದ್ದಾ ಬರೂತನಕ ತೆಗಿಯಂಗಿಲ್ಲ. ನಿನಗ ಉಳಿಯೋದು ಒಂದು ಚಾಪಿ ಜಾಗಾ, ಕೈಯಾಗಿಂದು ಒಂದು ಗಂಟು."

"ಅಷ್ಟ ದೊಡ್ಡ ಜಹಾಜದಾಗ ಕೇಳಿದ್ರ ತೆಗೆದು ಕೊಡಾಂಗಿಲ್ಲೇನ್ರಿ?"

"ಯಾರನ್ನ ಕೇಳ್ತಿ? ನಮ್ಮ ಜೋಡಿ ಕುಷ್ಟಗಿ ಕಡೆಯವರೊಬ್ಬರು ಬಂದಿದ್ರು. ಇಹ್ರಾಮ್ ಟ್ರಂಕಿನಾಗ ಇಟ್ಟಿದ್ರು. ಜಿದ್ದಾ ಇನ್ನೂ ದೂರ ಇರೂವಾಗ ಸಮುದ್ರದಾಗ ಸೀಟಿ ಹೊಡೀತಾರ. ಗಂಡಸರು ಅಲ್ಲೇ ಜಳಕ ಮಾಡಿ ಬಿಳಿ ಬಟ್ಟಿ ಉಡಬೇಕು. ಬಂದರಕ್ಕ ಹೋಗಿ ಉಡತೀನಿ ಅಂದ್ರ ನಡಿಯಂಗಿಲ್ಲ. ಆ ಮನುಷ್ಯ ಅವರಿವರ ಮುಂದ ಕೈಯೊಡ್ಡಿ ಹಾಸಿಗಿ ಬಟ್ಟಿ ಬೇಡಿ ಸುತ್ತಿಕೊಂಡ. ಕಣ್ಣೀರು ತೆಗೆದ."

ಸೈದಾನಬಿಯ ಕಣ್ಣು ಟ್ರಂಕಿನ ಕಡೆ ಹೋಯಿತು. ಮನಸ್ಸು ಒಪ್ಪಿತ್ತೋ ಏನೋ. ಆದರೆ ಮುದುಕಿ ಎದ್ದು ಹೋಗುವಾಗ, "ನಸೀಮಾ ಹೋದ ತಿಂಗಳ ಬಂದು ಎಲ್ಲಾ ಕೇಳಿಕೊಂಡು ಹೋದಳು," ಎಂದಳು. ಒಪ್ಪಿದ ಮನಸ್ಸು ಮತ್ತೆ ಬಾಗಿಲು ಹಾಕಿಕೊಂಡಿತು.

"ಆಕಿ ಕೇಳ್ಯಾಳ, ಆಕಿ ಮಾಡ್ಲಿ," ಎಂದಳು ಸೈದಾನಬಿ. "ನನ್ನ ಗಂಟು ನಾ ಬಿಚ್ಚಂಗಿಲ್ಲ."

ಮೆಹಬೂಬಬೀ ಹೊಸ್ತಿಲಲ್ಲಿ ನಿಂತಳು.

"ಬಿಚ್ಚಬ್ಯಾಡ. ನಾಳೆ ಒಂದು ದಿನ ಜಹಾಜ ಹತ್ತಿ ನೋಡೂಣು. ಗುರುಲಿಂಗಮ್ಮನ ಹಗೇವು ಖಾಲಿ ಐತಿ, ಅದ ಜಹಾಜದ ತಳ."

ಮರುದಿನ ಬಿಸಿಲು ಏರುವ ಮೊದಲೇ ಗುರುಲಿಂಗಮ್ಮನ ಅಂಗಳದಲ್ಲಿ ಜನ ಸೇರಿತು. ಅವಳ ಗಂಡ ಕೊಟ್ರಪ್ಪ ಮಣ್ಣು ಸರಿಸಿ ಹಗೇವಿನ ಕಲ್ಲು ಎತ್ತಿದ. ನೆಲದೊಳಗೆ ತೋಡಿದ ಜೋಳದ ಕಣಜ ಅದು. ಹೊಟ್ಟೆ ದೊಡ್ಡದು, ಕುತ್ತಿಗೆ ಕಿರಿದು. ನಸೀಮಾಳ ಟ್ರಂಕು ಹಗ್ಗದಲ್ಲಿ ಸರಾಗ ಇಳಿಯಿತು. ಸೈದಾನಬಿಯ ಟ್ರಂಕನ್ನು ನಿಲ್ಲಿಸಿ, ಓರೆ ಮಾಡಿ, ಒತ್ತಿ ಇಳಿಸಬೇಕಾಯಿತು.

"ಈ ಹಗೇವ್ನಾಗ ಜೋಳ ಹೋಗಿತ್ತು, ಇಲಿ ಹೋಗಿತ್ತು," ಎಂದಳು ಗುರುಲಿಂಗಮ್ಮ. "ಹಜ್ಜಿಗೆ ಹೊಂಟ ಟ್ರಂಕು ಇದ ಮೊದಲು."

ಟ್ರಂಕು ತಳ ಮುಟ್ಟಿದಾಗ ಹಳೆಯ ಜೋಳದ ದೂಳು ಹೊಗೆಯಂತೆ ಮೇಲೆದ್ದಿತು. ಹಗ್ಗ ಹಿಡಿದಿದ್ದ ಮೌಲಾಹುಸೇನ ಮುಖ ತಿರುಗಿಸಿ ಕೆಮ್ಮಿದ.

ಪಡಸಾಲೆಯೇ ಜಹಾಜು ಎಂದುಕೊಂಡು ಅಲ್ಲಿ ಎರಡು ಚಾಪೆ ಹಾಸಿದ್ದರು. ಒಂದರ ಮೇಲೆ ಸೈದಾನಬಿ, ಮೌಲಾಹುಸೇನ. ಇನ್ನೊಂದರ ಮೇಲೆ ನಸೀಮಾ, ಶಫೀಸಾಬ. ಜರತಾರಿ ಗಂಟು ಹೊಳೆಯುತ್ತಿತ್ತು. ನೋಡಲು ಬಂದ ಹೆಂಗಸರ ಕಣ್ಣೆಲ್ಲ ಅದರ ಮೇಲೆ. ಸೈದಾನಬಿಗೆ ಎಷ್ಟೋ ದಿನದ ಮೇಲೆ ಎದೆ ಹಗುರಾಯಿತು.

ಮೆಹಬೂಬಬೀ ಕೋಲೂರಿ ನಡುವೆ ನಿಂತಳು.

"ನಾ ಈಗ ಬಂದರದ ಸಾಹೇಬ. ಪಾಸು ತೋರಸ್ರಿ. ದೇವಿ ಹಾಕಿಸಿದ ಚೀಟಿ ತೋರಸ್ರಿ."

ನಸೀಮಾ ಚೀಲ ಸ್ವಲ್ಪವೇ ತೆರೆದು ಕೈ ಹಾಕಿ ಕೊಟ್ಟಳು. ಟಕ್.

"ನಮ್ಮವು ಟ್ರಂಕಿನಾಗ ಅದಾವ್ರಿ," ಎಂದಳು ಸೈದಾನಬಿ.

"ಹಂಗಾರ ಟ್ರಂಕು ಜಿದ್ದಾಕ್ಕ ಹೋಗ್ಲಿ. ನೀವು ಮುಂಬಯಿದಾಗ ಇರ್ರಿ."

ನಗು ಎದ್ದಿತು. ನಮಾಜಿನ ಹೊತ್ತಿಗೆ ಕೈಕಾಲು ತೊಳೆಯಲು ಲೋಟ ಬೇಕಾಯಿತು. ಸೈದಾನಬಿ ಗಂಟಿನಲ್ಲಿ ತಡಕಾಡಿದಳು, ಕೈಗೆ ಅತ್ತರಿನ ಡಬ್ಬಿ ಬಂತು. ಮೌಲಾಹುಸೇನ ತಮ್ಮನ ಲೋಟ ಇಸಿದುಕೊಂಡ. ಆಮೇಲೆ ಮುದುಕಿ, "ಸೀಟಿ ಹೊಡೀತು, ಇಹ್ರಾಮ್ ತಗೀರಿ," ಎಂದಳು. ನಸೀಮಾಳ ಚೀಲದಿಂದ ಮಡಿಸಿದ ಬಿಳಿ ಬಟ್ಟೆ ಹೊರಬಂತು.

"ನೀ ಪಾನದಾನ ತಗೀ ಸೈದಾನಬೀ," ಎಂದಳು ಗುರುಲಿಂಗಮ್ಮ. "ಎಲಿಅಡಿಕಿ ಹಾಕ್ಕೊಂಡು ನೋಡಕೋತ ಕುಂಡ್ರೂಣು."

ಸೈದಾನಬಿಗೆ ಸಿಟ್ಟು ಬಂದದ್ದು ಗುರುಲಿಂಗಮ್ಮನ ಮೇಲಲ್ಲ. ತಲೆ ತಗ್ಗಿಸಿ, ಯಾರ ಜೊತೆಯೂ ನಗದೆ ಕುಳಿತಿದ್ದ ನಸೀಮಾಳ ಮೇಲೆ. ಅವಳು ನಕ್ಕಿದ್ದರೆ ಸುಲಭವಾಗುತ್ತಿತ್ತು.

"ಎಲ್ಲಾ ಮೊದಲ ಕೇಳಿ ಇಟಗೊಂಡೀ," ಎಂದಳು. "ನನಗೊಂದು ಮಾತು ಹೇಳಬಾರದಾಗಿತ್ತೇನ?"

"ನೀ ನನ್ನ ಕೂಡ ಮಾತು ಬಿಟ್ಟು ಎಷ್ಟು ದಿನಾತಕ್ಕಾ," ಎಂದಳು ನಸೀಮಾ.

ಅಷ್ಟರಲ್ಲಿ ಸೈದಾನಬಿಗೆ ಇನ್ನೊಂದು ಸಪ್ಪಳ ಕೇಳಿಸಿತು. ಪಕ್ಕದಲ್ಲಿ ಗಂಡನ ಎದೆ ಸಿಳ್ಳೆ ಹಾಕುತ್ತಿತ್ತು.

ಮೌಲಾಹುಸೇನ ಎರಡೂ ಕೈ ಚಾಪೆಗೆ ಊರಿ ಮುಂದಕ್ಕೆ ಬಾಗಿದ್ದ. ಭುಜಗಳು ಏರಿ ಇಳಿಯುತ್ತಿದ್ದವು. ಬೆಳಗಿನ ದೂಳು ತನ್ನ ಕೆಲಸ ಮಾಡಿತ್ತು. ತುಟಿಯ ಬಣ್ಣ ಬದಲಾಗುತ್ತಿತ್ತು. ಅವನು ಮಾತಾಡಲಾಗದೆ ಬೆರಳುಗಳಿಂದ ಅಂಗೈ ತಿಕ್ಕಿ ತೋರಿಸಿದ. ಪುಡಿ.

"ಟ್ರಂಕು ಎತ್ರಿ," ಎಂದಳು ಸೈದಾನಬಿ. "ಆಟ ಸಾಕು. ಟ್ರಂಕು ಎತ್ರಿ."

ಶಫೀಸಾಬ, ಕೊಟ್ರಪ್ಪ ಓಡಿ ಹಗ್ಗ ಹಿಡಿದರು. ಟ್ರಂಕು ಮೇಲೆ ಬಂತು, ಕುತ್ತಿಗೆಯಲ್ಲಿ ಓರೆಯಾಗಿ ಸಿಕ್ಕಿಕೊಂಡಿತು. ಎಳೆದರು. ಕದಲಲಿಲ್ಲ.

"ಭಾಳ ದೊಡ್ಡದೈತಿ ಇದು," ಎಂದ ಕೊಟ್ರಪ್ಪ ಬೆವರುತ್ತ. "ತಿರುವಿ ಇಳಸಬೇಕು, ಮತ್ತ ಎತ್ತಬೇಕು."

ಎತ್ತಿದರೂ ಗೋಣಿತಟ್ಟಿನ ಹೊಲಿಗೆ ಇತ್ತು. ಹೊಲಿಗೆ ಬಿಚ್ಚಿದರೂ ಬೀಗ ಇತ್ತು. ಬೀಗ ತೆಗೆದರೂ ಪುಡಿ ಎಲ್ಲಕ್ಕಿಂತ ಕೆಳಗಿತ್ತು. ತಾನೇ ಇಟ್ಟದ್ದು. ಯಾವ ಮೂಲೆಯಲ್ಲಿ, ಯಾವುದರ ಅಡಿಯಲ್ಲಿ ಎಂಬುದು ಸೈದಾನಬಿಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಅಂಗಳದಲ್ಲಿ ನಿಂತು ಅಷ್ಟನ್ನು ಮಾತ್ರ ನೋಡಿದಳು.

ಟಕ್.

ತಿರುಗಿದಳು. ನಸೀಮಾ ಚೀಲವನ್ನು ಈ ಸಲ ಪೂರ್ತಿ ತೆರೆದು ಚಾಪೆಯ ಮೇಲಿಟ್ಟಿದ್ದಳು. ಒಳಗೆ ಒಂದು ಸಣ್ಣ ಜೇನಿನ ಬಾಟಲಿ. ಹಕೀಮರ ಕೈಯ ಮಡಿಕೆಯ ಪೊಟ್ಟಣ. ಬಾಟಲಿಯ ಬಿರಡೆ ಯಾವಾಗಲೋ ಸಡಿಲವಾಗಿ ಜೇನು ಸೋರಿತ್ತು. ಬಿಳಿ ರೇಷ್ಮೆಯ ಅಸ್ತರದ ಅರ್ಧ ಭಾಗ ಕಂದಾಗಿ, ಅಂಟಾಗಿ, ಇರುವೆ ಹತ್ತಿ ಹಾಳಾಗಿತ್ತು.

ನಸೀಮಾ ಪುಡಿಯನ್ನು ಜೇನಿನಲ್ಲಿ ಕಲಸಿದಳು. ಭಾವನಿಗೆ ತಾನೇ ನೆಕ್ಕಿಸಲಿಲ್ಲ. ಬಟ್ಟಲನ್ನು ಸೈದಾನಬಿಯ ಕೈಗೆ ಕೊಟ್ಟಳು.

"ನೀನ ಕೊಡಕ್ಕಾ."

ಸೈದಾನಬಿ ಬೆರಳಿನಿಂದ ಗಂಡನ ನಾಲಿಗೆಗೆ ಹಚ್ಚಿದಳು. ಬೆನ್ನು ನೀವಿದಳು. ನಿಧಾನಕ್ಕೆ ಸಿಳ್ಳೆ ತಗ್ಗಿತು, ಭುಜಗಳು ಇಳಿದವು. ಕಡೆಗೆ ಮೌಲಾಹುಸೇನ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಆಗ ಅವಳು ಕೇಳಿದಳು, ನಸೀಮಾಳ ಕಡೆ ನೋಡದೆ.

"ಹಕೀಮರ ಕಡೆ ಹೋಗಿದ್ದು ಇದಕ್ಕೇನ?"

"ಒಂದ ಕಡೆ ಇದ್ರ ಕಳದೀತು, ಎರಡು ಕಡೆ ಇರ್ಲಿ ಅಂದ್ರು ದೊಡ್ಡವ್ವ."

"ನಾ ಬಂದ್ರ ಯಾಕ ಮುಚ್ಚತಿದ್ದಿ?"

"ನನ್ನ ಗಂಡನ ಔಷಧ ನಿನ್ನ ಚೀಲದಾಗ ಯಾಕ ಅಂತ ನೀ ಬ್ಯಾಸರ ಮಾಡಿಕೊಂಡೀ ಅಂತ ಮುಚ್ಚತಿದ್ದೆ."

ಹೌದು, ಮಾಡಿಕೊಳ್ಳುತ್ತಿದ್ದೆ ಎಂದು ಸೈದಾನಬಿಗೆ ಗೊತ್ತಿತ್ತು.

"ಟ್ರಂಕು ಜಹಾಜದ ತಳದಾಗ ಇದ್ದಿದ್ರ ಯಾರೂ ಹಗ್ಗಾನೂ ಹಿಡೀತಿದ್ದಿಲ್ಲ," ಎಂದಳು ಮೆಹಬೂಬಬೀ.

ಸಂಜೆಗೆ ಟ್ರಂಕು ಹೊರಬಂತು, ಒಂದು ಮೂಲೆ ನುಗ್ಗಾಗಿತ್ತು. ಸೈದಾನಬಿ ಗೋಣಿತಟ್ಟಿನ ಹೊಲಿಗೆ ಬಿಚ್ಚಿದಳು. ಪಾನದಾನ, ಕನ್ನಡಿ, ಶಾಲು ಮನೆಯ ಕಪಾಟಿಗೆ ಹೋದವು, ಟ್ರಂಕಿಗೂ ಹೋಗಲಿಲ್ಲ. ಪಾಸು, ಚೀಟಿ ಎಣ್ಣೆಬಟ್ಟೆಯಲ್ಲಿ ಸುತ್ತಿ ಕೈಗಂಟಿಗೆ ಬಂದವು. ಇಹ್ರಾಮ್ ಬಂತು, ಒಂದು ಜೊತೆ ಬಟ್ಟೆ, ಲೋಟ, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಂದವು. ಎಲ್ಲಕ್ಕಿಂತ ಮೇಲೆ, ಕೈ ಹಾಕಿದರೆ ಸಿಗುವಂತೆ, ಪುಡಿಯ ಪೊಟ್ಟಣ. ಜೇನಿನ ಬಾಟಲಿಯ ಬಿರಡೆಗೆ ಮೇಣ ಹಚ್ಚಿ ದಾರ ಸುತ್ತಿದಳು.

ಕಡೆಗೆ ಜರತಾರಿ ಬಟ್ಟೆ ಉಳಿಯಿತು. ಅದನ್ನು ತೊಡೆಯ ಮೇಲೆ ಹಾಸಿಕೊಂಡು ಬಹಳ ಹೊತ್ತು ಕುಳಿತಳು. ಆಮೇಲೆ ಕತ್ತರಿ ತೆಗೆದುಕೊಂಡಳು.

"ನಸೀಮಾ, ನಿನ್ನ ಚೀಲ ತಾ ಇಲ್ಲಿ. ಅಸ್ತರ ಹಾಕ್ತೀನಿ."

ಕೊಪ್ಪಳದ ಸ್ಟೇಷನ್ನಿನಲ್ಲಿ ರೈಲು ಕಾಯುವಾಗ ಇಬ್ಬರೂ ಒಂದೇ ಟ್ರಂಕಿನ ಮೇಲೆ ಕುಳಿತಿದ್ದರು. ನಸೀಮಾ ಚೀಲದಿಂದ ಏನೋ ತೆಗೆದು ಮುಚ್ಚಿದಳು. ಟಕ್. ಸೈದಾನಬಿಯ ಒಳಗೆ ಇನ್ನೂ ಏನೋ ಸಣ್ಣಗೆ ಚುಚ್ಚಿತು. ಅದು ಅಷ್ಟು ಬೇಗ ಹೋಗುವಂಥದ್ದಲ್ಲ. ಆದರೆ ಈಗ ಒಳಗೆ ಏನಿದೆ ಎಂದು ಅವಳಿಗೆ ಗೊತ್ತಿತ್ತು. ಕೈ ಚಾಚಿ, ಮೊದಲ ಸಲ, ಆ ಚರ್ಮವನ್ನು ಮುಟ್ಟಿ ನೋಡಿದಳು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಈ ವರ್ಷ ಜಹಾಜ ಹತ್ತುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕೈಗಂಟನ್ನು ಒಮ್ಮೆ ಬಿಚ್ಚಿ ನೋಡಿಕೊಳ್ಳಿ. ಟ್ರಂಕು ನಿಮ್ಮದೇ ಆದರೂ ಸಮುದ್ರದ ಮೇಲೆ ಅದು ನಿಮ್ಮ ಕೈಗೆ ಸಿಗುವುದಿಲ್ಲ. ಔಷಧ, ಪಾಸು, ಸೂಜಿ ಚುಚ್ಚಿಸಿದ, ದೇವಿ ಹಾಕಿಸಿದ ಚೀಟಿ, ಇಹ್ರಾಮ್, ನೀರಿನ ಪಾತ್ರೆ ನಿಮ್ಮ ಮಗ್ಗುಲಲ್ಲೇ ಇರಲಿ. ಜೊತೆಯಲ್ಲಿ ಕಾಯಿಲೆಯವರಿದ್ದರೆ ಅವರ ಔಷಧ ಇನ್ನೊಬ್ಬರ ಚೀಲದಲ್ಲೂ ಸ್ವಲ್ಪ ಇರಲಿ. ಹೊರಡುವ ಮೊದಲು ಒಂದು ಹಗಲು ಟ್ರಂಕಿಗೆ ಬೀಗ ಹಾಕಿ, ಕೈಗಂಟು ಮಾತ್ರ ಇಟ್ಟುಕೊಂಡು ಚಾಪೆಯ ಮೇಲೆ ಕುಳಿತು ನೋಡಿ. ಮರೆತದ್ದು ತಾನೇ ನೆನಪಾಗುತ್ತದೆ. ಪಕ್ಕದವರ ಚೀಲ ಎಷ್ಟು ಚೆಂದವಿದೆ ಎಂದು ಕಣ್ಣು ಹೋದರೆ ಹೋಗಲಿ. ಗಂಟು ಕಟ್ಟುವಾಗ ಮಾತ್ರ ನಿಮ್ಮ ಪಕ್ಕದಲ್ಲಿ ಉಸಿರಾಡುವವರ ಕಡೆ ಒಮ್ಮೆ ನೋಡಿ ಕಟ್ಟಿ.