ಕೆಂಪು ರಟ್ಟಿನ ಪುಸ್ತಕ

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಎಲ್ಲ ಕಡೆ ಇದ್ದಾರೆ. ಯಾರೂ ಏನೂ ಅನ್ನದಿದ್ದರೂ ತಾನಾಗಿ ಹೆಗಲು ತೋರಿಸಿ, ಕುಂಬಳಕಾಯಿಯ ತೂಕವನ್ನೂ ಕದ್ದ ಹೊತ್ತನ್ನೂ ಬರೆದುಕೊಡುವವರು ಮಾತ್ರ ಅಪರೂಪ. ನಮ್ಮ ನರ್ಸಮ್ಮ ಆ ಪೈಕಿ. ಅದಕ್ಕೇ ಈ ಮಹಾನಗರಕ್ಕೆ ಬಂದ ಇಪ್ಪತ್ತೈದು ದಿನದಲ್ಲಿ ಒಂಬತ್ತು ಆಸ್ಪತ್ರೆಗಳ ಮೆಟ್ಟಿಲು ಹತ್ತಿ, ಒಂಬತ್ತರಿಂದಲೂ ಬರಿಗೈಯಲ್ಲಿ ಇಳಿದಿದ್ದಳು.

ಕೆಲಸದಲ್ಲಿ ಅವಳನ್ನು ಬೆರಳು ಮಾಡಿ ತೋರಿಸುವ ಹಾಗಿರಲಿಲ್ಲ. ಹನ್ನೊಂದು ವರ್ಷ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಹೆಂಗಸರ ವಾರ್ಡು ನೋಡಿಕೊಂಡವಳು. ಬೇರೆಯವರು ಮೂರು ಸಲ ಚುಚ್ಚಿದರೂ ಸಿಗದ ನರ ಅವಳ ಬೆರಳಿಗೆ ಒಂದೇ ಸಲಕ್ಕೆ ಸಿಗುತ್ತಿತ್ತು. ಸಂದರ್ಶನಗಳಲ್ಲೂ ಮೊದಲ ಅರ್ಧ ಗಂಟೆ ಎಲ್ಲ ಸರಾಗವಾಗಿಯೇ ಸಾಗುತ್ತಿತ್ತು. ಎಡವುತ್ತಿದ್ದದ್ದು ಅರ್ಜಿಯ ಕೊನೆಯ ಪುಟದಲ್ಲಿ. ‘ಹಿಂದಿನ ಕೆಲಸದಲ್ಲಿ ಔಷಧ ಕೊಡುವಾಗ ನಿಮ್ಮಿಂದ ತಪ್ಪಾಗಿದ್ದು ದಾಖಲಾಗಿದೆಯೇ? ಹೌದು / ಇಲ್ಲ. ಹೌದಾದರೆ ವಿವರ ಬರೆಯಿರಿ.’ ಸಾಲಿನಲ್ಲಿ ಕೂತ ಉಳಿದವರೆಲ್ಲ ಆ ಪ್ರಶ್ನೆಯನ್ನು ಓದುವ ಗೋಜಿಗೂ ಹೋಗದೆ ‘ಇಲ್ಲ’ಕ್ಕೆ ಗುರುತು ಹಾಕಿ ಪುಟ ಮಗುಚುತ್ತಿದ್ದರು. ಇವಳು ‘ಹೌದು’ ಎಂದು ಗುರುತು ಹಾಕಿ, ಎರಡು ಸಾಲಿನ ಜಾಗದಲ್ಲಿ ಅಕ್ಷರ ಚಿಕ್ಕದು ಮಾಡಿ ನಾಲ್ಕು ಸಾಲು ಬರೆಯುತ್ತಿದ್ದಳು. ತಾರೀಖು, ಹೊತ್ತು, ಮಂಚದ ನಂಬರು, ಔಷಧ, ಪ್ರಮಾಣ, ಒಂದನ್ನೂ ಬಿಡುತ್ತಿರಲಿಲ್ಲ.

ನಡೆದದ್ದು ಇಷ್ಟು. ಎಂಟು ವರ್ಷದ ಹಿಂದೆ ಒಂದು ಬೆಳಗಿನ ಪಾಳಿಯಲ್ಲಿ ಆರನೇ ಮಂಚದವಳ ಇಂಜೆಕ್ಷನ್ನನ್ನು ಏಳನೇ ಮಂಚದವಳಿಗೆ ಕೊಟ್ಟಳು. ಏಳನೆಯವಳಿಗೆ ತೋಳಿನ ಮೇಲೆ ನಾಲ್ಕು ದದ್ದು ಎದ್ದು, ಮಧ್ಯಾಹ್ನದ ಹೊತ್ತಿಗೆ ಇಳಿದುಹೋಯಿತು. ಯಾರೂ ನೋಡಿರಲಿಲ್ಲ. ಇವಳೇ ನರ್ಸುಗಳ ಮೇಲ್ವಿಚಾರಕಿ ಮೇಟ್ರನಮ್ಮನ ಕೋಣೆಗೆ ಹೋಗಿ ಹೇಳಿದಳು. ಮೇಟ್ರನಮ್ಮ ಬೈಯಲಿಲ್ಲ. ಮೊದಲು ಡಾಕ್ಟರನ್ನು ಕರೆಸಿದರು, ಆಮೇಲೆ ಬೀರುವಿನಿಂದ ತಪ್ಪು ಬರೆದಿಡುವ ಕೆಂಪು ರಟ್ಟಿನ ಪುಸ್ತಕ ತೆಗೆದು ಮುಂದಿಟ್ಟರು.

“ಬರಿ. ಕೈ ಮಾಡಿದ್ದನ್ನ ಪೆನ್ನು ಮುಚ್ಚಿಡಬಾರದು.”

ಆ ಪುಸ್ತಕದಲ್ಲಿ ಅದಕ್ಕೆ ಮುಂಚೆ ಒಂದಕ್ಷರವೂ ಇರಲಿಲ್ಲ. ಇವಳದೇ ಮೊದಲ ಪುಟ. ಮರುವಾರ ಮೇಟ್ರನಮ್ಮ ಪ್ರತಿ ಮಂಚಕ್ಕೂ ಒಂದೊಂದು ಬಣ್ಣದ ಪಟ್ಟಿ ಹೊಲಿಸಿ, ಅದೇ ಬಣ್ಣವನ್ನು ಔಷಧದ ಟ್ರೇಗೂ ಅಂಟಿಸಿದರು. ಆಮೇಲೆ ಆ ವಾರ್ಡಿನಲ್ಲಿ ಅಂಥ ತಪ್ಪು ಇನ್ನೊಮ್ಮೆ ಆಗಲಿಲ್ಲ. ಇದೆಲ್ಲ ಅರ್ಜಿಯ ಎರಡು ಸಾಲಿನಲ್ಲಿ ಹಿಡಿಸುವ ಸಂಗತಿಯಲ್ಲ.

ಒಂಬತ್ತನೇ ಆಸ್ಪತ್ರೆಯಲ್ಲಿ ಅರ್ಜಿ ನೋಡಿದವನು ಮೀಸೆ ಆಗಷ್ಟೇ ಕಪ್ಪಾಗುತ್ತಿದ್ದ ಅಧಿಕಾರಿ.

“ಮೇಡಂ, ಇದು ಆದಾಗ ಯಾರಾದ್ರೂ ನೋಡಿದ್ರಾ?”

“ಇಲ್ಲ.”

“ಪೇಷಂಟ್ ಕಡೆಯೋರು ಕಂಪ್ಲೇಂಟ್ ಕೊಟ್ರಾ?”

“ಇಲ್ಲ ಸರ್, ನಾನೇ ಹೇಳಿದ್ದು.”

ಅವನು ಅವಳನ್ನೊಮ್ಮೆ ಅರ್ಜಿಯನ್ನೊಮ್ಮೆ ನೋಡಿದ. ಪಾಪ, ಕೆಟ್ಟವನೇನಲ್ಲ. “ಸರಿ ಮೇಡಂ, ನಾವೇ ಫೋನ್ ಮಾಡ್ತೀವಿ,” ಅಂದ. ಆ ಮಾತನ್ನು ಒಂಬತ್ತು ಸಲ ಕೇಳಿದವಳಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ.

ತನ್ನೊಬ್ಬಳ ಹೊಟ್ಟೆಪಾಡಾಗಿದ್ದರೆ ಅವಳು ಊರಲ್ಲೇ ಇರುತ್ತಿದ್ದಳು. ಗಂಡ ಅಲ್ಲಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಊಟಕ್ಕೆ ತೊಂದರೆಯಿರಲಿಲ್ಲ. ಬಂದದ್ದು ಮಗಳಿಗಾಗಿ. ಮಗಳಿಗೆ ಆರು ವರ್ಷ, ಹುಟ್ಟಿನಿಂದ ಕಿವಿ ಕೇಳದು. ಮನೆಮಂದಿಯೆಲ್ಲ ಗುಬ್ಬಿ ಅನ್ನುತ್ತಿದ್ದರು, ಆ ಹೆಸರನ್ನು ಅವಳೊಬ್ಬಳೇ ಕೇಳಿರಲಿಲ್ಲ. ಊರಿನ ಶಾಲೆಯಲ್ಲಿ ಅವಳನ್ನು ಕೊನೆಯ ಬೆಂಚಿಗೆ ಕೂರಿಸಿ ಮರೆತುಬಿಟ್ಟಿದ್ದರು. ಈ ನಗರದ ಕಿವುಡ ಮಕ್ಕಳ ಶಾಲೆಯಲ್ಲಿ ಅರ್ಧ ಗಂಟೆ ಬಿಟ್ಟದ್ದೇ ತಡ, ಹನ್ನೊಂದು ಸನ್ನೆ ಕಲಿತು, ಪಕ್ಕದ ಹುಡುಗಿಯೊಂದಿಗೆ ಕೈಯಲ್ಲೇ ಜಗಳವನ್ನೂ ಆಡಿದ್ದಳು. ಮಗಳು ಇನ್ನೊಂದು ಮಗುವಿನ ಜೊತೆ ಜಗಳವಾಡಿದ್ದನ್ನು ತಾಯಿ ನೋಡಿದ್ದು ಅದೇ ಮೊದಲು. ಕಣ್ಣೊರೆಸಿಕೊಳ್ಳುವುದಕ್ಕೂ ಅವಳಿಗೆ ತೋಚಲಿಲ್ಲ.

ಶಾಲೆಯ ಹಿರಿಯ ಟೀಚರು ಸೀಟು ಕೊಡಲು ಒಪ್ಪಿದರು. ಷರತ್ತು ಒಂದೇ. ಅಲ್ಲಿ ಹೆತ್ತವರೂ ವಾರಕ್ಕೆರಡು ದಿನ ಮಕ್ಕಳ ಜೊತೆ ಕೂತು ಸನ್ನೆ ಕಲಿಯಬೇಕು. ಹೊರಗಿನಿಂದ ಬಂದವರು ನಡುವೆಯೇ ಮಗುವನ್ನು ಬಿಡಿಸಿಕೊಂಡು ಹೋಗಿ ಎಷ್ಟೋ ಸೀಟು ಹಾಳಾಗಿದ್ದವು. ಅದಕ್ಕೇ ಇದೇ ನಗರದಲ್ಲಿ ಕೆಲಸ ಸಿಕ್ಕಿದ ಪತ್ರವನ್ನು ಮೂವತ್ತನೇ ತಾರೀಖು ಸಂಜೆ ಐದರೊಳಗೆ ತಂದು ತೋರಿಸಬೇಕು. ತಪ್ಪಿದರೆ ಸೀಟು ಪಟ್ಟಿಯಲ್ಲಿನ ಮುಂದಿನ ಮಗುವಿಗೆ. ಬರುವ ವರ್ಷ ನೋಡೋಣವೆಂದರೆ ಗುಬ್ಬಿಗೆ ವಯಸ್ಸು ಮೀರುತ್ತಿತ್ತು.

ಇಳಿದುಕೊಂಡದ್ದು ಅಕ್ಕನ ಮನೆಯಲ್ಲಿ, ಮೂರನೇ ಮಹಡಿಯ ಎರಡು ಕೋಣೆ. ದಿನಾ ಸಂಜೆ ಇವಳು ಚಪ್ಪಲಿ ಬಿಡುವ ಮುಂಚೆಯೇ ಅಕ್ಕ ಬಾಗಿಲಲ್ಲಿ “ಸಿಕ್ತಾ?” ಅಂತ ಕೇಳುವಳು. ಇವಳು ಇಲ್ಲವೆಂದು ತಲೆಯಾಡಿಸುವಳು. ನಡುವೆ ಗುಬ್ಬಿ ನಿಂತು ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಕಣ್ಣು ಓಡಿಸುವಳು. ಅಕ್ಕ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತುಟಿ ತೋರಿಸಿ ಪಾಠ ಮಾಡಿದ್ದಳು. ಕೊನೆಯಲ್ಲಿ ಬಾಯಿ ಅಗಲವಾದರೆ ‘ಸಿಕ್ತಾ’, ಅದು ನಾನು ಕೇಳೋದು. ತುಟಿ ದುಂಡಗಾಗಿ ಮುಂದೆ ಬಂದರೆ ‘ಸಿಕ್ತು’, ಅದು ನಿಮ್ಮಮ್ಮ ಹೇಳೋದು. ಹೇಳಿದಳೋ, ನಿನಗೆ ಶಾಲೆ. ಎರಡು ಅಂಗೈ ಜೋಡಿಸಿ ಪುಸ್ತಕದ ಹಾಗೆ ಬಿಡಿಸಿದರೆ ಅವರ ಮನೆಯಲ್ಲಿ ಶಾಲೆ ಎಂದರ್ಥ. ಗುಬ್ಬಿ ಇಪ್ಪತ್ತೈದು ದಿನದಿಂದ ದುಂಡು ತುಟಿಗಾಗಿ ಕಾದಿದ್ದಳು.

ಭಾವನದು ರಸ್ತೆಯ ತಿರುವಿನಲ್ಲಿ ಝೆರಾಕ್ಸ್ ಅಂಗಡಿ. ಬುಧವಾರ ಸಂಜೆ ಹತ್ತನೇ ಆಸ್ಪತ್ರೆಗೆ ಪ್ರತಿ ತೆಗೆಯಲು ಹೋದಾಗ ಅವನು ಎಂದಿನಂತೆ ತಮಾಷೆಗೆ ಇಳಿದ.

“ನಿನ್ನ ಸರ್ಟಿಫಿಕೇಟ್ ನುಂಗಿ ನುಂಗಿ ನನ್ನ ಮೆಷಿನ್ನೇ ನರ್ಸಿಂಗ್ ಪಾಸಾಯ್ತಮ್ಮ. ನಾಳೆ ಅದನ್ನೇ ಕಳಿಸೋಣ್ವಾ? ಅದಾದ್ರೆ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತೆ.”

“ಅವರು ಕೇಳಿದ್ದಕ್ಕೇ ಬರೆದಿದ್ದು ಭಾವ.”

“ಒಂದು ಟಿಕ್ ಕಣಮ್ಮ, ಒಂದೇ ಒಂದು ಟಿಕ್. ಊರಿಗೇ ಒಂದು ದಾರಿಯಾದ್ರೆ ಎಡವಟ್ಟನಿಗೇ ಒಂದು ದಾರಿ ಅನ್ನೋ ಹಾಗಾಯ್ತು ನಿಂದು.”

“ಸುಳ್ಳಾಗುತ್ತಲ್ಲ.”

“ಸತ್ಯಕ್ಕೆ ಸಾವಿಲ್ಲ, ಒಪ್ಪಿದೆ. ಆದ್ರೆ ಸತ್ಯಕ್ಕೆ ಕೆಲಸಾನೂ ಇಲ್ವಲ್ಲ!” ಅಂದವನು ತಾನೇ ನಗಲಿಲ್ಲ. ಕಾಗದದ ಕಟ್ಟಿನ ಮೇಲೆ ಕೂತು ಹಾಳು ಹಾಳೆಗಳಲ್ಲಿ ಚಿತ್ರ ಬಿಡಿಸುತ್ತಿದ್ದ ಗುಬ್ಬಿಯ ಕಡೆ ನೋಡಿದ. “ನಿನಗಲ್ಲಮ್ಮ. ಅವಳಿಗೋಸ್ಕರ ಹಾಕಕ್ಕಾಗಲ್ವಾ?”

ಆ ಮಾತು ನಾಟಿತು. ಗುರುವಾರ ಹತ್ತನೇ ಆಸ್ಪತ್ರೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅವಳು ‘ಇಲ್ಲ’ದ ಚೌಕದಲ್ಲಿ ಗುರುತು ಹಾಕಿದಳು. ಕೆಳಗಿನ ಎರಡು ಸಾಲು ಖಾಲಿ ಉಳಿದವು. ಅದರ ಕೆಳಗೆ ‘ನಿಮ್ಮ ಹಿಂದಿನ ಮೇಲಧಿಕಾರಿಯ ಫೋನ್ ನಂಬರು’ ಎಂದಿತ್ತು. ಹನ್ನೊಂದು ವರ್ಷದಲ್ಲಿ ಅವಳಿಗಿದ್ದ ಮೇಲಧಿಕಾರಿ ಒಬ್ಬರೇ. ಮೇಟ್ರನಮ್ಮನ ನಂಬರನ್ನು ಕೈ ತಾನಾಗಿ ಬರೆಯಿತು, ಒಂಬತ್ತು ಸಲ ಬರೆದು ಅಭ್ಯಾಸವಾಗಿತ್ತು. ಹಿಂದಿನ ಒಂಬತ್ತು ಕಡೆಯವರಲ್ಲಿ ಒಬ್ಬರೂ ಆ ನಂಬರಿನ ತನಕ ಹೋಗಿರಲಿಲ್ಲ.

ಅಲ್ಲಿಯ ನರ್ಸಿಂಗ್ ಮುಖ್ಯಸ್ಥೆ ಐವತ್ತು ದಾಟಿದವರು, ಎದೆಗೆ ಗಡಿಯಾರ ತಲೆಕೆಳಗಾಗಿ ಸಿಕ್ಕಿಸಿಕೊಂಡಿದ್ದರು. ಮಾತು ಕಡಿಮೆ. ಇವಳನ್ನು ವಾರ್ಡಿಗೇ ಕರೆದುಕೊಂಡು ಹೋಗಿ, ಕೈಯೆಲ್ಲ ಬಾತುಕೊಂಡಿದ್ದ ಒಬ್ಬ ಅಜ್ಜಿಗೆ ಡ್ರಿಪ್ ಹಾಕಲು ಹೇಳಿದರು. ಇವಳು ಅಜ್ಜಿಯ ಕೈಯನ್ನು ತನ್ನ ಎರಡೂ ಅಂಗೈ ನಡುವೆ ಹಿಡಿದು ಬಿಸಿ ಮಾಡಿದಳು, ಮೊಮ್ಮಕ್ಕಳೆಷ್ಟು ಅಂತ ಕೇಳಿದಳು, ಅಜ್ಜಿ ಎಣಿಸಿ ಮುಗಿಸುವಷ್ಟರಲ್ಲಿ ಸೂಜಿ ಒಳಗಿತ್ತು.

ಮುಖ್ಯಸ್ಥೆ ಮೊದಲ ಸಲ ನಕ್ಕರು. “ಸೋಮವಾರ ಮಧ್ಯಾಹ್ನ ಬಂದು ಆರ್ಡರ್ ತಗೊಳ್ಳಿ. ನಿಮ್ಮ ಹಳೇ ಮೇಟ್ರನ್ ಹತ್ರ ಒಂದ್ಸಲ ಮಾತಾಡ್ತೀನಿ, ನಮ್ಮಲ್ಲಿ ಅದೊಂದು ಪದ್ಧತಿ.”

ಸೋಮವಾರ ಮೂವತ್ತನೇ ತಾರೀಖು. ಲಿಫ್ಟು ಮರೆತು ಏಳು ಮಹಡಿಯನ್ನೂ ಅವಳು ಮೆಟ್ಟಿಲಿನಲ್ಲೇ ಇಳಿದಳು. ನಾಲ್ಕನೇ ಮಹಡಿಗೆ ಬಂದಾಗ ಆ ಕೊನೆಯ ಮಾತು ನೆನಪಾಗಿ ಕಾಲು ನಿಂತಿತು.

ಮೇಟ್ರನಮ್ಮನಿಗೆ ಏನೆಂದು ಹೇಳುವುದು? ‘ನೀವು ಕಲಿಸಿದ್ದನ್ನು ಬಿಟ್ಟಿದ್ದೇನೆ, ನನಗಾಗಿ ನೀವೂ ಒಂದು ಸಲ ಬಿಡಿ’ ಎಂದೇ? ಶನಿವಾರ ಧೈರ್ಯ ಮಾಡಿ ಫೋನ್ ಹಚ್ಚಿದಳು. ಮೇಟ್ರನಮ್ಮ ನಿವೃತ್ತರಾಗಿ ಎರಡು ವರ್ಷ, ಆ ಜಾಗಕ್ಕೆ ಇನ್ನೂ ಯಾರೂ ಬಂದಿರಲಿಲ್ಲ. ತಮ್ಮ ಮಂಡಿನೋವು, ಪಕ್ಕದ ಮನೆಯ ನಾಯಿ, ಈಗಿನ ಹುಡುಗಿಯರು ಹಾಸಿಗೆಯ ಮೂಲೆ ಮಡಿಸುವ ಚಂದ, ಎಲ್ಲ ಹೇಳಿದರು. ಇವಳು ಹೂಂಗುಟ್ಟುತ್ತಲೇ ಹೋದಳು. ಕೊನೆಗೆ ಬಾಯಿಂದ ಹೊರಟದ್ದು ಇಷ್ಟೇ: “ಇಲ್ಲಿಂದ ಯಾರಾದ್ರೂ ಫೋನ್ ಮಾಡಬಹುದು, ಮೇಟ್ರನಮ್ಮ.”

“ಮಾಡ್ಲಿ ಮಗಾ. ನಿನ್ನ ಬಗ್ಗೆ ನಾಲ್ಕು ಒಳ್ಳೇ ಮಾತು ಹೇಳೋಕೆ ನಾನು ಪಂಚಾಂಗ ನೋಡಬೇಕಾ?”

ಇವಳು ನಕ್ಕು ಫೋನ್ ಇಟ್ಟಳು. ಎಂಟು ವರ್ಷದ ಹಿಂದಿನದು, ವಯಸ್ಸಾದವರು, ಅವರಿಗೆಲ್ಲಿ ನೆನಪಿದ್ದೀತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ನೆನಪಿರುತ್ತದೆಂದು ಅವಳಿಗೂ ಗೊತ್ತಿತ್ತು.

ಸೋಮವಾರ ಅಕ್ಕನಿಗೆ ಬೇರೆ ಕೆಲಸವಿದ್ದದ್ದರಿಂದ ಗುಬ್ಬಿಯನ್ನೂ ಕರೆದುಕೊಂಡು ಹೋದಳು. ಆರ್ಡರ್ ಕೈಗೆ ಬಂದರೆ ಹಾಗೇ ಶಾಲೆಗೆ ಓಡಬಹುದು, ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಮಗಳನ್ನು ಹೊರಗಿನ ಕುರ್ಚಿಯಲ್ಲಿ ಕೂರಿಸಿ ಒಳಗೆ ಹೋದಾಗ ಗಂಟೆ ಮೂರೂವರೆ.

ಮೇಜಿನ ಮೇಲೆ ಅವಳ ಅರ್ಜಿ, ಕೊನೆಯ ಪುಟ ಮೇಲೆ ಮಾಡಿ ಇಟ್ಟಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಅಲ್ಲೇ ಗೊತ್ತಾಯಿತು.

“ನಿಮ್ಮ ಮೇಟ್ರನ್ ಜೊತೆ ಮಾತಾಡ್ದೆ,” ಅಂದರು ಮುಖ್ಯಸ್ಥೆ. “ಅರ್ಧ ಗಂಟೆ ನಿಮ್ಮನ್ನ ಹೊಗಳಿದ್ರು. ತಮ್ಮ ಮೂವತ್ತು ವರ್ಷದ ಸರ್ವಿಸಲ್ಲಿ ತನ್ನ ತಪ್ಪನ್ನ ತಾನೇ ಬಂದು ಬರೆದ ನರ್ಸ್ ನೀವೊಬ್ರೇ ಅಂತೆ. ಬಣ್ಣದ ಪಟ್ಟಿ ವಿಷಯಾನೂ ಹೇಳಿದ್ರು.” ಬೆರಳನ್ನು ‘ಇಲ್ಲ’ದ ಮೇಲಿಟ್ಟರು. “ಇದೇನು?”

ಅವಳಿಗೆ ಒಂಬತ್ತು ಆಸ್ಪತ್ರೆಯ ಕತೆ ಹೇಳಬೇಕೆನ್ನಿಸಿತು, ಹೇಳಿದರೆ ನೆಪದ ಹಾಗೆ ಕೇಳೀತೆಂದು ಬಿಟ್ಟಳು.

“ಮಗಳ ಶಾಲೆಗೆ ಇವತ್ತೇ ಕೊನೇ ದಿನ ಮೇಡಂ,” ಎಂದಳು ಕೊನೆಗೆ.

ಮುಖ್ಯಸ್ಥೆ ಅರ್ಜಿಯನ್ನು ತಮ್ಮ ಕಡೆ ಎಳೆದುಕೊಂಡರು. “ಔಷಧ ತಪ್ಪೋದು ನನ್ನ ಕೈಲೂ ಆಗಿದೆ. ಹೌದು ಅಂತ ಬರೆದಿದ್ರೆ ತಗೊಳ್ತಿದ್ದೆ. ಈಗ ಈ ಪೇಪರ್ ಇಟ್ಕೊಂಡು ನಾನು ಮೇಲಿನೋರ ಹತ್ರ ಹೋಗಕ್ಕಾಗಲ್ಲ.”

ತಗೊಳ್ಳುತ್ತಿದ್ದರೋ ಏನೋ. ಹಾಗೆ ಹೇಳುವುದು ಈಗ ಸುಲಭ. ಒಂಬತ್ತು ಮಂದಿ ತಗೊಂಡಿರಲಿಲ್ಲ. ಆದರೆ ಆ ಹೆಂಗಸಿನ ಕಣ್ಣು ನೋಡಿದರೆ ಸುಳ್ಳು ಅನ್ನಿಸಲಿಲ್ಲ, ಅದನ್ನೇ ಅವಳಿಂದ ತಡೆದುಕೊಳ್ಳಲಾಗಲಿಲ್ಲ. ಕೈಮುಗಿದು ಎದ್ದಳು.

ಗುಬ್ಬಿಯನ್ನು ಕರೆದುಕೊಂಡು ಆಸ್ಪತ್ರೆಯ ಹೊರಗಿನ ಮೆಟ್ಟಿಲಿಗೆ ಬರುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಮೇಟ್ರನಮ್ಮ.

“ಏನ್ ಮಗಾ, ಸಿಕ್ತಾ? ಆ ಹೆಣ್ಣುಮಗಳು ಬಾಳ ಒಳ್ಳೆಯೋಳು ಕಣೇ, ತಾಳ್ಮೆಯಿಂದ ಕೇಳಿದ್ಲು. ನಿನ್ನ ಕೆಂಪು ಪುಸ್ತಕದ ಕತೆ ಒಂದಕ್ಷರ ಬಿಡದೆ ಹೇಳ್ಬಿಟ್ಟೆ. ಇಂಥ ಹುಡುಗಿ ನಿಮಗೆ ದೀಪ ಹಚ್ಚಿ ಹುಡುಕಿದ್ರೂ ಸಿಗಲ್ಲ ಅಂದೆ. ಸರಿಯಾಗಿ ಹೇಳಿದ್ನಾ?”

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಯಾರ ಮೇಲೆ ಬರಬೇಕು? ಮುದುಕಿಯ ದನಿಯಲ್ಲಿ ಅಷ್ಟೊಂದು ಹೆಮ್ಮೆಯಿತ್ತು. ನಿಜ ಹೇಳಿದರೆ ಆ ಹೆಮ್ಮೆಯೂ ಹೋಗುತ್ತಿತ್ತು, ಮಂಡಿನೋವಿನ ಜೊತೆ ಇದೊಂದು ಕೊರಗು ಅವರನ್ನು ಕೊನೆತನಕ ಕಾಡುತ್ತಿತ್ತು.

“ಸರಿಯಾಗೇ ಹೇಳಿದ್ರಿ,” ಎಂದಳು. “ಸಿಕ್ತು, ಮೇಟ್ರನಮ್ಮ.”

ಎರಡು ಮೆಟ್ಟಿಲು ಕೆಳಗೆ ನಿಂತು ಗುಬ್ಬಿ ತಲೆಯೆತ್ತಿ ಅವಳ ಬಾಯನ್ನೇ ನೋಡುತ್ತಿದ್ದಳು. ತುಟಿ ದುಂಡಗಾಗಿ ಮುಂದೆ ಬಂದದ್ದನ್ನು ಕಂಡಳು. ಒಂದು ಕ್ಷಣ ನಂಬಲಿಲ್ಲ. ಆಮೇಲೆ ಎರಡು ಅಂಗೈ ಜೋಡಿಸಿ ಪುಸ್ತಕದ ಹಾಗೆ ಬಿಡಿಸಿದಳು, ಮತ್ತೆ ಜೋಡಿಸಿದಳು, ಮತ್ತೆ ಬಿಡಿಸಿದಳು. ಮೆಟ್ಟಿಲ ಮೇಲೆಯೇ ಕುಣಿದಳು. ಓಡಿಬಂದು ಅಮ್ಮನ ಎಡಗೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದು ಬಸ್ ನಿಲ್ದಾಣದ ಕಡೆಗೆ ಎಳೆಯತೊಡಗಿದಳು.

ಇಲ್ಲ ಎಂದು ಮಗಳಿಗೆ ಹೇಳಲು ಅವಳಿಗೆ ಕೈ ಬೇಕಿತ್ತು. ಒಂದು ಕೈಯನ್ನು ಗುಬ್ಬಿ ಬಿಡುವ ಹಾಗಿರಲಿಲ್ಲ, ಇನ್ನೊಂದರಲ್ಲಿ ಫೋನಿತ್ತು, ಫೋನಿನಲ್ಲಿ ಮೇಟ್ರನಮ್ಮ ಇನ್ನೂ ಸಂತೋಷದಿಂದ ಮಾತಾಡುತ್ತಿದ್ದರು. ಅವಳು ಹೂಂ, ಹೂಂ ಎನ್ನುತ್ತ ಮಗಳ ಹಿಂದೆ ನಡೆದಳು.