ಇನ್ನೂರಾ ಹನ್ನೊಂದು ಹೆಸರು

ಕುಕ್ಕರಿನ ಮೂರನೇ ಸೀಟಿ, ಇಲ್ಲ, ನಾಲ್ಕನೆಯದು, ಮೈಕ್ ಬಂದ್ ಮಾಡಬೇಕು, ಮಾಡಿದ್ದೇನೆ, ಲ್ಯಾಪ್‌ಟಾಪಿನಲ್ಲಿ ನನ್ನದೊಂದೇ ಮುಖ, ಹಿಂದೆ ಅತ್ತೆ ಅಡ್ಡ ಕಟ್ಟಿದ ಹೂಚಿತ್ತಾರದ ಚಾದರ — ಮಂಚ ಕಾಣಬಾರದಂತೆ, ಮಂಚದ ಮೇಲೆ ಕೂತೇ ಕೆಲಸ ಮಾಡುತ್ತೇನೆಂದು ಕಂಪನಿಗೆ ಗೊತ್ತಿದ್ದರೂ ಕಾಣಬಾರದಂತೆ. ಸೊಂಟದಲ್ಲಿ ಕೊಯ್ದ ಜಾಗ ತುರಿಸುತ್ತಿದೆ, ತುರಿಸಿದರೆ ಮಾಯುತ್ತಿದೆ ಎಂದರ್ಥ ಅಂದಿದ್ದರು ನೆಹರು ನಗರದ ಡಾಕ್ಟರು, ಆದರೆ ನಮ್ಮ ಖಾನಾಪುರದಿಂದ ಬೆಳಗಾವಿಗೆ ದಿನಾ ಬಸ್ಸು, ಅದು ಮಾತ್ರ ಎರಡು ತಿಂಗಳು ಬೇಡ, ಹಾಗಾಗಿ ಈ ಏರ್ಪಾಡು, ರಜೆ ಮುಗಿದ ಮೇಲೆ ದಿನಕ್ಕೆ ನಾಲ್ಕು ತಾಸು ಮನೆಯಿಂದ, ಬರುವ ಸೋಮವಾರದಿಂದ ಕಬ್ಬಿಣ ಎರಕ ಹೊಯ್ಯುವ ಫೌಂಡ್ರಿಗೆ, ನನ್ನ ಕುರ್ಚಿಗೆ. ಇನ್ನು ನಾಲ್ಕು ದಿನ. ಅತ್ತೆ ಕಾಶೀಬಾಯಿ ಓಣಿಯೆಲ್ಲ ಸಾರಿ ಬಂದರು, ನಮ್ಮ ಮುಕ್ತಾಗ ಮನ್ಯಾಗ ಕುಂತ ಮಾಡೂ ಕೆಲಸಾ ಕೊಟ್ಟಾರ, ಖರೇ ದೇವ್ರಂಥಾ ಮಂದಿ. ನಾನೂ ಹಾಗೇ ತಿಳಿದಿದ್ದೆ.

ಮೊದಲ ದಿನ ಪರದೆಯ ಮೇಲೆ ನಮ್ಮ ಮ್ಯಾನೇಜರ್ ಹೃಷೀಕೇಶ ಸರ್ ಎಷ್ಟು ಮೆತ್ತಗೆ ಮಾತಾಡಿದರು, ನನ್ನ ಕಣ್ಣು ತುಂಬಿಬಂತು, ಥೂ ನನ್ನ ಕಣ್ಣಿಗಿಷ್ಟು. ನೀವು ಟೆನ್ಶನ್ ತಗೋಬ್ಯಾಡ್ರಿ ಮುಕ್ತಾ, ಮೊದಲ ಆರಾಮ ಆಗ್ರಿ, ಈ ಮಂದಿ ಪಾರ್ಟಿಗೆ ಇಟ್ಟ ಅಡ್ಡಹೆಸರೆಲ್ಲಾ ನಿಮಗೊಬ್ಬರಿಗೇ ಗೊತ್ತದಾವ, ತಾಸಿಗೊಮ್ಮೆ ಫೋನ್ ಮಾಡಿ ನಿಮಗ ತ್ರಾಸ ಕೊಡ್ತಾರ, ಒಂದ ಯಾದಿ ಮಾಡಿಬಿಡ್ರಿ, ನಿಮಗ ಹಗುರ ಆಗ್ತದ. ಹಗುರ! ಹದಿನಾರು ವರ್ಷ ಆಫೀಸಿನ ನಂಬರಿಗೂ ಮರಳಿನಲ್ಲಿ ಅಚ್ಚು ಹಾಕುವವರ ಬಾಯಿಗೂ ನಡುವೆ ನಿಂತವಳು ನಾನು, ಕಾಗದದ ಮೇಲೆ ನಾಲ್ಕುನೂರಾ ಹದಿನೇಳು-ಬಿ, ಭಟ್ಟಿಯ ಹತ್ತಿರ ಹೋದರೆ ರೊಟ್ಟಿಯ ಹಾಗೆ ದುಂಡಗಿರುವುದಕ್ಕೆ ಅದೇ ಭಾಕರಿ, ಹೊಟ್ಟೆ ಮುಂದೆ ಬಂದ ಪಂಪಿನ ಮೈ ಬಸುರಿ, ಕೊಕ್ಕಿನಂತೆ ಬಾಗಿದ ಬ್ರಾಕೆಟ್ಟು ಕಾಗಿ, ಹಳೇ ಆರ್ಡರಿನದೊಂದು ಮಾವನ ಮೂಗು, ಯಾರ ಮಾವನೋ, ಆ ಮೂಗು ನೋಡಿದವರೆಲ್ಲ ರಿಟೈರಾದರು, ಹೆಸರು ಉಳಿಯಿತು. ಭಾಕರಿ ಎಷ್ಟ ಹೋಗಬೇಕ್ರಿ ಅಕ್ಕಾರ, ಬಸುರಿ ಒಂದ ಸೀಳೇತ್ರಿ ಅಕ್ಕಾರ — ಅವರು ಹೇಳುವುದು, ನಾನು ನಂಬರು ಬರೆಯುವುದು, ನನ್ನ ಬೆಲೆ ಇದ್ದದ್ದು ಅಷ್ಟರಲ್ಲೇ, ಅದು ನನಗೊಬ್ಬಳಿಗೆ ಗೊತ್ತಿರಲಿಲ್ಲ, ಸರ್‌ಗೆ ಗೊತ್ತಿತ್ತು. ಎರಡು ತಿಂಗಳು ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಒಂದೊಂದೇ ನೆನೆದು, ನೆನಪಾಗದ್ದನ್ನು ಅಚ್ಚು ಹಾಕುವ ಬೀರೇಶನಿಗೆ ಫೋನ್ ಮಾಡಿ ಕೇಳಿ, ಇನ್ನೂರಾ ಹನ್ನೊಂದು ಹೆಸರು, ಪಕ್ಕದಲ್ಲಿ ನಂಬರು, ಅದರ ಪಕ್ಕದಲ್ಲಿ ಫೋಟೋ, ಯಾರೂ ಕೇಳದಿದ್ದರೂ ಸಾಲು ಸಾಲಿಗೆ ಬಣ್ಣ ಹಚ್ಚಿ ಕಳಿಸಿದೆ, ಏನು ಹುರುಪು ನನಗೆ. ಮಸ್ತ ಮಾಡೀರಿ ಎಂದರು ಸರ್. ಆ ಮಾತನ್ನು ಊಟಕ್ಕೆ ಕೂತಾಗ ಅತ್ತೆಗೆ ಎರಡು ಸಲ ಹೇಳಿದೆ.

ನಿನ್ನೆ ಬೀರೇಶನೇ ಫೋನ್ ಮಾಡಿದ, ಕಪಟವಿಲ್ಲದವನು, ಖುಷಿಯಲ್ಲಿದ್ದ. ಅಕ್ಕಾರ, ನಿಮ್ಮ ಯಾದಿ ದೊಡ್ಡದ ಮಾಡಿ ಗ್ವಾಡಿಗಿ ಹಚ್ಚ್ಯಾರ್ರಿ, ಇನ್ನ ನಿಮಗ ತ್ರಾಸ ಇಲ್ಲ, ಆ ಹೊಸಾ ಹುಡುಗಿ ಸೃಷ್ಟಿ ಅದಾಳಲ್ರಿ, ನೋಡಿ ಪಟಾಪಟಾ ಹೇಳ್ತಾಳ. ಯಾವ ಹುಡುಗಿ ಬೀರೇಶ? ಅವನ ಹಿಂದೆ ಗ್ರೈಂಡರಿನ ಸದ್ದು. ನಿಮಗ ಹೇಳಿಲ್ಲೇನ್ರಿ? — ಹೇಳುವವರು ಯಾರು, ಮಂಚ ಹಿಡಿದವಳಿಗೆ ಹೇಳಿ ಆಗುವುದೇನು, ಸಿಟ್ಟು ಅರ್ಧ ಅವರ ಮೇಲೆ, ಅರ್ಧ ನನ್ನ ಮೇಲೆ, ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡೆ, ಅದೂ ಬಣ್ಣ ಹಚ್ಚಿ. ಇವತ್ತು ಕೇಳಬೇಕು, ಮುಲಾಜಿಲ್ಲದೆ ಕೇಳಬೇಕು, ಸೋಮವಾರ ನಾನು ಎಲ್ಲಿ ಕೂಡಬೇಕ್ರಿ ಸರ್, ಅಷ್ಟೇ, ಅಳಬಾರದು. ಹನ್ನೊಂದಕ್ಕೆ ಪರದೆಗೆ ಬರುತ್ತೇನೆಂದಿದ್ದರು, ಹನ್ನೊಂದೂ ಹತ್ತಾಯಿತು.

ಬಂತು, ಮುಖ ಬಂತು, ಸರ್ ಅಲ್ಲ. ನಮಸ್ಕಾರ್ರಿ ಮೇಡಂ, ನಾ ಸೃಷ್ಟಿ, ಸರ್ ಮೀಟಿಂಗ್‌ನ್ಯಾಗ ಅದಾರ್ರಿ, ನನಗ ಮಾತಾಡಂದ್ರು. ಇಪ್ಪತ್ತೆರಡೋ ಇಪ್ಪತ್ಮೂರೋ, ಎಣ್ಣೆ ಹಚ್ಚಿ ಬಿಗಿದ ಜಡೆ, ಬೈಯಬೇಕೆಂದರೆ ಬಾಯಿಗೇ ಬಾರದಂಥ ಮುಖ. ನಿಮ್ಮ ಯಾದಿ ಭಾಳ ಛಲೋ ಐತ್ರಿ ಮೇಡಂ, ಎಲ್ಲಾ ಸಿಗ್ತಾವ, ಇದೊಂದ ಸಿಗವಲ್ದು ನೋಡ್ರಿ — ಫೋನು ಹಿಡಿದು ನಡೆಯುತ್ತಾಳೆ, ನೆಲ, ಮರಳು, ಲಾರಿಗೆ ಏರಿಸಲು ಸಾಲಾಗಿ ಇಟ್ಟ ಮಾಲು, ಕೊನೆಯಲ್ಲಿ ಒಂದು ಮರದ ಪೆಟ್ಟಿಗೆ, ಅದರ ಮೇಲೆ ಬಿಳಿ ಚಾಕ್‌ನಲ್ಲಿ ಖಾನಾಪುರ. ಹುಡುಗ್ರು ಬರದಾರ್ರಿ, ಖಾನಾಪುರ ಅಂದ್ರ ಯಾವ ಪಾರ್ಟ್ ರೀ, ಇನ್ನೂರಾ ಹನ್ನೊಂದರಾಗ ಇಲ್ಲಲ್ರಿ? ಅವಳು ನೋಡುತ್ತಿರುವುದು ಇನ್ನೊಂದು ಕೈಯಲ್ಲಿರುವ ಯಾದಿಯನ್ನು, ಪೆಟ್ಟಿಗೆಯನ್ನು ನೋಡುತ್ತಿರುವವಳು ನಾನು, ಮರದ ಪಟ್ಟಿಗಳ ಸಂದಿಯಲ್ಲಿ ಹುಲ್ಲು, ಹುಲ್ಲಿನಲ್ಲಿ ನನ್ನ ಕುರ್ಚಿಯ ನೀಲಿ ದಿಂಬು, ಡ್ರಾವರಿನಲ್ಲಿರುತ್ತಿದ್ದ ಚಪ್ಪಲಿ, ಮದುವೆಯಲ್ಲಿ ಬಂದ, ನನ್ನ ಹೆಸರು ಕೊರೆದ ಸ್ಟೀಲ್ ಗ್ಲಾಸು, ಬೋರಲಾಗಿ, ಪೆಟ್ಟು ಬೀಳದ ಹಾಗೆ ಸುತ್ತಲೂ ಹುಲ್ಲು ತುರುಕಿದ್ದಾರೆ, ಬೀರೇಶನ ಕೈಯೇ ಇರಬೇಕು, ಅಷ್ಟು ಅಚ್ಚುಕಟ್ಟು. ನಂಬರ ಏನ್ ಬರೀಲ್ರಿ ಮೇಡಂ? ಹುಲ್ಲು, ಗ್ಲಾಸು. ಮೇಡಂ, ಕೇಳಸ್ತೈತೇನ್ರಿ, ಇವತ್ತ ಗಾಡಿ ಹೋಗ್ತೈತ್ರಿ. ಹುಲ್ಲಿನಲ್ಲಿ ಗ್ಲಾಸು, ಬೋರಲಾಗಿ ಗ್ಲಾಸು —